ಒಡಪಿನಲ್ಲಿ ಬಂದ ಹೆಸರು

ಮಹಾಲಕ್ಷ್ಮಿ ಗಂಡನ ಹೆಸರನ್ನು ಎಂದೂ ಬರಿದೇ ಹೇಳಿದವಳಲ್ಲ. ಹೇಳಲೇಬೇಕಾದಾಗ ಒಡಪಿನಲ್ಲಿ ಸುತ್ತಿ ಹೇಳುತ್ತಿದ್ದಳು. ಪತ್ತಿಕೊಂಡದಿಂದ ಆದವಾನಿಗೆ ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ತಡೆದಾಗ ಹೇಳಿದ ಒಡಪೇ ಆಮೇಲಿನ ಮದುವೆ, ತೊಟ್ಟಿಲು, ಕುಬಸಗಳಿಗೆಲ್ಲ ಸಾಕಾಯಿತು:

"ಬಿಳಿ ಹತ್ತಿ ಬಿಡಿಸಿ ಹೊಸದೀನಿ ಬತ್ತಿ,
ಬಸವಪ್ರಸಾದ್ ಅವರು ನಮ್ಮ ಮನಿ ಜ್ಯೋತಿ."

ಹತ್ತಿ ವ್ಯಾಪಾರದ ಮನೆಗೆ ಒಪ್ಪುವ ಮಾತು. ಬಸವಪ್ರಸಾದರಿಗೆ ಮಾತ್ರ ಹೆಂಡತಿಯ ಹೆಸರು ಹೇಳುವ ಪ್ರಸಂಗವೇ ಬರಲಿಲ್ಲ. "ಏ, ಇಲ್ಲಿ" ಎಂದರೆ ಬರುತ್ತಿದ್ದಳು. ಹೆಚ್ಚಾಗಿ ಕೈಯಲ್ಲಿ ನೀರಿನ ಲೋಟ ಹಿಡಿದೇ.

ಮಗಳು ಅಮೂಲ್ಯ ಗಂಡನ ಮನೆಗೆ ಹೋಗುವಾಗ ತನ್ನ ಹಳೆಯ ಫೋನನ್ನು ಅಮ್ಮನಿಗೆ ಬಿಟ್ಟುಹೋದಳು. ಒಂದು ದಿನ ಅದರಲ್ಲಿ ಉಪ್ಪಿನಕಾಯಿಯ ವಿಡಿಯೊ ಮುಗಿದು, ತಾನಾಗಿಯೇ ಇನ್ನೊಂದು ಶುರುವಾಯಿತು. ವಿಶಾಖಪಟ್ಟಣದ ಹುಡುಗರ ರಾಕ್ ಬ್ಯಾಂಡ್, ಹೆಸರು ಉಪ್ಪುಗಾಲಿ, ತೆಲುಗಿನಲ್ಲಿ ಉಪ್ಪಿನ ಗಾಳಿ. ಮುಂದೆ ನಿಂತು ಹಾಡುವವನು ಜೋಯೆಲ್. ಬೆನ್ನಿಗಿಳಿದ ಕೂದಲು, ಬಿರುಕುಬಿಟ್ಟ ದನಿ. ಮಹಾಲಕ್ಷ್ಮಿಯ ಕೈ ಖಾರವಾಗಿತ್ತು, ನಿಲ್ಲಿಸಲಾಗಲಿಲ್ಲ.

ಹಾಡು ಅವಳಿಗೆ ಬರೀ ಗದ್ದಲವೆನಿಸಿತು. ಆದರೆ ಮುಗಿದ ಮೇಲೆ ಜೋಯೆಲ್ ಬೆವರು ಒರೆಸಿಕೊಂಡು ತನ್ನವರ ಹೆಸರುಗಳನ್ನು ತೆಲುಗಿನಲ್ಲಿ ಕೂಗತೊಡಗಿದ. ಡ್ರಮ್ಸ್ ಬಾರಿಸಿದವನದು, ಗಿಟಾರಿನವನದು. ಅಲ್ಲಿಗೆ ನಿಲ್ಲಿಸಲಿಲ್ಲ. ಲೈಟು ಹಿಡಿದವನದು, ಪೆಟ್ಟಿಗೆ ಹೊತ್ತವನದು. ಕೊನೆಗೆ, ನಮಗೆ ಅಡುಗೆ ಮಾಡಿ ಹಾಕಿದ ಮರಿಯಮ್ಮ ಎಂದ. ಮೈದಾನದ ತುಂಬ ಜನ "ಮರಿಯಮ್ಮ!" ಎಂದು ಕೂಗಿದರು. ಮಹಾಲಕ್ಷ್ಮಿ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಬಹಳ ಹೊತ್ತು ಉರಿ ತಿಂದಳು.

ಅಂದಿನಿಂದ ರೊಟ್ಟಿಯ ಹೊತ್ತಿಗೆ ಸೆರಗಿನಡಿ ಒಂದು ಕಿವಿಗೆ ಇಯರ್‌ಫೋನ್. ಯಾರಾದರೂ ಬರುವ ಸದ್ದಾದರೆ ಫೋನು ಜೋಳದ ಹಿಟ್ಟಿನ ಡಬ್ಬಿಯೊಳಗೆ. ಅಜ್ಜಿಯಾಗುವ ವಯಸ್ಸಿನಲ್ಲಿ ಇದೇನು ಎಂದು ತನಗೇ ನಾಚಿಕೆ. ಗೊತ್ತಿದ್ದವಳು ಒಬ್ಬಳೇ, ರೊಟ್ಟಿ ಬಡಿಯಲು ಬರುವ, ಆಸ್ಪರಿ ಊರಿನವಳಾದ್ದಕ್ಕೆ ಎಲ್ಲರೂ ಆಸ್ಪರಿಯಾಕಿ ಎನ್ನುವ ಹೆಂಗಸು. "ಹಾಡು ಮುಗೀತೇನ್ರವ್ವ? ಇಲ್ಲಿ ರೊಟ್ಟಿ ಸೀಯಾಕ ಹತ್ಯಾವ" ಎನ್ನುತ್ತಿದ್ದಳೇ ಹೊರತು ಹೊರಗೆ ಬಾಯಿ ಬಿಡುತ್ತಿರಲಿಲ್ಲ.

ಬಸುರಿ ಅಮೂಲ್ಯಳ ಕುಬಸ ತವರಿನಲ್ಲಿ ಆಯಿತು. ಬೀಗತಿ ಅಕ್ಕನಾಗಮ್ಮ ತಮ್ಮ ಕಡೆಯ ಹೆಂಗಸರನ್ನು ಕಟ್ಟಿಕೊಂಡು ಬಂದರು. ಮಹಾಲಕ್ಷ್ಮಿ ನಸುಕಿನಿಂದ ಕೂತಿರಲಿಲ್ಲ. ಹೂರಣ, ಎಣಗಾಯಿ, ಬುತ್ತಿ, ನಡುವೆ ಗಂಡನ ಅಂಗಿಗೆ ಇಸ್ತ್ರಿ, ಬೀಗರಿಗೆ ಚಹಾ, ಮತ್ತೆ ಚಹಾ. ಅಷ್ಟು ಹೊತ್ತೂ ಕಾಲು ಸೋಲದಂತೆ ನಿಲ್ಲಿಸಿದ್ದು ಕಿವಿಯಲ್ಲಿದ್ದ ಜೋಯೆಲ್.

ಹಸಿರು ಸೀರೆಯ ಅಮೂಲ್ಯಳಿಗೆ ಆರತಿಯಾದ ಮೇಲೆ ಹೆಂಗಸರು ಒಡಪಿಗೆ ಹಿಡಿದರು.

"ಬೀಗತ್ಯಾರ, ಈಗ ನಿಮ್ದಾಗ್ಲಿ. ಗೊತ್ತೈತಿ ಬಿಡ್ರಿ, ಮತ್ತದೇ ಬತ್ತಿ!" ಅಕ್ಕನಾಗಮ್ಮ ಕೆಣಕಿದರು.

ಮಹಾಲಕ್ಷ್ಮಿ ನಕ್ಕು ಶುರುಮಾಡಿದಳು. ಬಾಯಿ ತನ್ನಷ್ಟಕ್ಕೆ ನಡೆಯಿತು.

"ಬಿಳಿ ಹತ್ತಿ ಬಿಡಿಸಿ ಹೊಸದೀನಿ ಬತ್ತಿ,
ಜೋಯೆಲ್ ಅವರು ನಮ್ಮ ಮನಿ ಜ್ಯೋತಿ."

ಯಾರೋ ನಗಲು ಹೋಗಿ ತಡೆದುಕೊಂಡರು. ಪಕ್ಕದ ಮನೆಯ ಆದಿಲಕ್ಷ್ಮಿ ತೆಲುಗಿನಲ್ಲಿ, "ಎವರಮ್ಮಾ ಆ ಜೋಯೆಲು?" ಎಂದು, ಅವನ್ಯಾರೆಂದು ಕೇಳಿದಳು. ಫೋಟೊ ತೆಗೆಸಿಕೊಳ್ಳಲು ಬಂದ ಬಸವಪ್ರಸಾದ್ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯ, ಅದು... ನಮ್ಮ ಅಮೂಲ್ಯ ಕೇಳ್ತಾಳಲ್ರೀ, ಆ ಹಾಡಿನಾವನ ಹೆಸರು," ಎಂದಳು ಮಹಾಲಕ್ಷ್ಮಿ. "ಯಾವಾಗ್ಲೂ ಅವನ್ದೇ ಹಚ್ಚಿರ್ತಾಳ. ನನ್ನ ಬಾಯಾಗ ಹೊಕ್ಕೈತಿ."

ಅಮೂಲ್ಯ ತಲೆಯೆತ್ತಿದಳು. ಜೋಯೆಲ್ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿ ಮತ್ತೆ ತಲೆ ತಗ್ಗಿಸಿದಳು.

"ಹಂಗೇನು?" ಅಕ್ಕನಾಗಮ್ಮನ ನಗು ಹೋಗಿತ್ತು. "ಕಿವಿಯಾಗ ಅದನ್ನ ಇಟ್ಕೊಂಡ್ರ ಕರದ್ರೂ ಓ ಅನ್ನಂಗಿಲ್ಲ. ಬ್ಯಾಂಕಿನ ಪರೀಕ್ಷಾಕ ಓದ್ತಾಳ ಅಂತ ನಾ ಸುಮ್ಮನಿದ್ದೆ. ಬಸುರಿ ಕೇಳೋ ಹಾಡೇನವಾ ಅವು? ಹೆರೋತನಕ ಫೋನು ನನ್ನ ಹತ್ರ ಇರ್ಲಿ, ಕೊಡು."

ಅಮೂಲ್ಯ ಕೊಟ್ಟಳು. ಅವಳ ಪಾಠಗಳೆಲ್ಲ ಅದರಲ್ಲಿದ್ದವು. ಪರೀಕ್ಷೆ ಹತ್ತಿರ ಬಂದಿತ್ತು.

ಊಟಕ್ಕೆ ಎಲೆ ಹಾಕಿದರು. "ಹೋಳಿಗಿ ಹತ್ತಿ ಅರಳಿಯಂಗ ಮೆತ್ತಗ ಆಗ್ಯಾವಲ್ರೀ, ಯಾರ ಕೈ?" ಎಂದು ಬೀಗತಿ ಕೇಳಿದಾಗ ಮಹಾಲಕ್ಷ್ಮಿ, "ನಂದೇ ರೀ" ಎಂದಳು. ತಟ್ಟಿ ಬೇಯಿಸಿದವಳು ಆಸ್ಪರಿಯಾಕಿ. ಅದು ಸುಳ್ಳೆಂದು ಆಗ ಅವಳಿಗೆ ಅನಿಸಲೂ ಇಲ್ಲ.

ಅನಿಸುತ್ತಿದ್ದುದು ಇನ್ನೊಂದು. ಅಮೂಲ್ಯ ಉಣ್ಣುತ್ತಿರಲಿಲ್ಲ. ಅವಳ ಎಡಗೈ ಮಡಿಲಲ್ಲಿ ಫೋನು ಇರುತ್ತಿದ್ದ ಜಾಗವನ್ನು ತಡವುತ್ತಿತ್ತು. ಮಹಾಲಕ್ಷ್ಮಿ ಹೋಳಿಗೆಯ ಬುಟ್ಟಿ ಕೆಳಗಿಟ್ಟಳು.

"ಬೀಗತ್ಯಾರ, ಆ ಹಾಡು ಕೇಳಾಕಿ ನಾನು. ಆಕಿ ಕೇಳೋದು ಪಾಠ."

ಅಕ್ಕನಾಗಮ್ಮನ ಮುಖ ಮೆತ್ತಗಾಯಿತು. "ನೋಡ್ರಿ, ತಾಯಿ ಅಂದ್ರ ಹಿಂಗಿರಬೇಕು. ಮಗಳ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕ ಹತ್ಯಾಳ!"

"ಆಕಿಗೇನು ಗೊತ್ತೈತಿ ರಾಕು ಗೀಕು," ಎಂದರು ಬಸವಪ್ರಸಾದ್, ಗಂಡಸರ ಸಾಲಿನಿಂದ. "ಫೋನು ಎತ್ತಾಕ ಬಂದ್ರ ಸಾಕಾಗೈತಿ."

ಎಲ್ಲರೂ ಮೆಚ್ಚಿ ನೋಡುತ್ತಿದ್ದರು. ಆ ಮೆಚ್ಚುಗೆಯ ಕೆಳಗೆ ನಿಲ್ಲಲಾಗದೆ ಮಹಾಲಕ್ಷ್ಮಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯನ್ನೇ ಹೊತ್ತು ತಂದಳು. ಕೈಹಾಕಿ ಫೋನು ತೆಗೆದು, ಹಿಟ್ಟು ಊದಿ, ಒತ್ತಿದಳು. ಗದ್ದಲ ಎದ್ದಿತು. ಆಮೇಲೆ ಹೆಸರುಗಳು ಬಂದವು. ಜೋಯೆಲ್ ಕೂಗುವ ಮೊದಲೇ ಒಂದೊಂದು ಹೆಸರೂ ಮಹಾಲಕ್ಷ್ಮಿಯ ಬಾಯಲ್ಲಿತ್ತು, ಸಣ್ಣ ದನಿಯಲ್ಲಿ, ತಲೆ ಬಗ್ಗಿಸಿಕೊಂಡೇ. ಬಸವಪ್ರಸಾದ್ ಎಲೆ ನೋಡುತ್ತಾ ಕೂತರು. ಅಕ್ಕನಾಗಮ್ಮ ಎಡಗೈಯಿಂದ ತಮ್ಮ ಚೀಲ ತಡವಿ ಅಮೂಲ್ಯಳ ಫೋನನ್ನು ಅವಳ ಎಲೆಯ ಪಕ್ಕ ಇಟ್ಟರು. ಮಹಾಲಕ್ಷ್ಮಿಯ ಕಡೆ ನೋಡಲಿಲ್ಲ.

"ಮರಿಯಮ್ಮ ಅಂದ್ರ ಯಾರವ್ವ?" ತುಪ್ಪದ ಗಿಂಡಿ ಹಿಡಿದು ಬಾಗಿಲಿಗೆ ಬಂದಿದ್ದ ಆಸ್ಪರಿಯಾಕಿ ಕೇಳಿದಳು.

"ಅವರಿಗೆ ಅಡಿಗಿ ಮಾಡಾಕಿ."

"ಅಯ್ಯ! ಅಡಿಗಿ ಮಾಡಾಕಿ ಹೆಸರೂ ಕೂಗ್ತಾರೇನು?"

ಮಹಾಲಕ್ಷ್ಮಿ ಫೋನು ಆರಿಸಿದಳು. ಬೀಗತಿಯ ಕಡೆ ತಿರುಗಿದಳು. "ಹೋಳಿಗೀನೂ ನಾ ಮಾಡಿಲ್ರೀ. ಮಾಡಿದಾಕಿ..."

ಹೆಸರು ಬರಲಿಲ್ಲ. ಮರೆತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬಾಗಿಲಿಗೆ ಸರಿದು ಯಾರಿಗೂ ಕೇಳದಂತೆ, "ನಿನ್ನ ಹೆಸರೇನು?" ಎಂದಳು.

ಆಸ್ಪರಿಯಾಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೆಸರು ಅಂದ್ರ ಬರೇ ಹೇಳ್ತಾರೇನ್ರವ್ವ? ಒಡಪ ಹಾಕ್ರಿ ಮೊದ್ಲು," ಎಂದು ನಕ್ಕು, ತುಪ್ಪ ಬಡಿಸಲು ಎಲೆಗಳ ಕಡೆ ಹೋದಳು.

ಹಿಂದಿನಿಂದ ಅಕ್ಕನಾಗಮ್ಮನ ದನಿ ಬಂತು. "ಬೀಗತ್ಯಾರ, ಮಾಡಿದಾಕಿ ಯಾರು ಅಂದ್ರಿ?"