ಅಗಸಿ ತನಕ ನೂಕಿದ ಗಾಡಿ

ಈ ವಯಸ್ಸಿನಲ್ಲಿ ನನ್ನ ಕಿವಿ ಕೈಕೊಟ್ಟಿದೆ, ಕನ್ನಡಕ ಎಲ್ಲಿಟ್ಟೆನೆಂಬುದು ದಿನಾ ಹುಡುಕಾಟದ ವಿಷಯ. ಮೂಗು ಮಾತ್ರ ಇನ್ನೂ ನಂಬಿಕೆಯ ಮೂಗು. ಹೋದ ವಾರ ಗೋಗಿಯಲ್ಲಿ ಅದು ಒಂದು ವಾಸನೆಯನ್ನು ತಟ್ಟನೆ ಹಿಡಿಯಿತು. ಕ್ಲಚ್ಚು ಸುಡುವ ವಾಸನೆ. ಉಳಿದ ಹೆಣ್ಣುಮಕ್ಕಳು ಮಲ್ಲಿಗೆಯ ನೆನಪು ಬರೆಯುತ್ತಾರೆ. ನನ್ನ ಬಾಲ್ಯದ ಪರಿಮಳ ಇದು, ಏನು ಮಾಡಲಿ?

ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯ ಮುಗಿಸಿ ಹೊರಟಿದ್ದೆವು. ಕಾರು ನನ್ನ ಮೊಮ್ಮಗಳದು. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಅವಳಿಗೆ. ಯಾರೋ ಬಳಸಿ ಬಿಟ್ಟ ಸ್ಪೋರ್ಟ್ಸ್ ಕಾರನ್ನು ತಂದು ಮಗುವಿನಂತೆ ಸಾಕುತ್ತಿದ್ದಾಳೆ. ಅದರಲ್ಲಿ ಕೂರುವುದೆಂದರೆ ನೆಲಕ್ಕೇ ಕೂತಂತೆ, ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ನಮ್ಮ ಸೀಮೆಯಲ್ಲಿ ಬಂದವರನ್ನು ಹೊಸ್ತಿಲಲ್ಲಿ ನಿಂತು ಕೈಬೀಸಿ ಕಳಿಸುವುದಿಲ್ಲ. ಊರ ಬಾಗಿಲು, ಅಂದರೆ ಅಗಸಿ, ಅಲ್ಲಿಯವರೆಗೆ ಜೊತೆಗೆ ನಡೆದು ಕಳಿಸಬೇಕು. ಮನೆಯೊಳಗೆ ಮರೆತ ಮುಖ್ಯ ಮಾತೆಲ್ಲ ನೆನಪಾಗುವುದೂ ಆಗಲೇ. ನೆಂಟರು ಎರಡೂ ಬದಿಗೆ ಮಾತಾಡುತ್ತ ನಡೆಯುತ್ತಿದ್ದರು. ಹುಡುಗಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಅವರ ನಡಿಗೆಗೆ ತಕ್ಕಂತೆ ಕಾರನ್ನು ತೆವಳಿಸುತ್ತಿದ್ದಳು.

“ಬಂದ್ ಮಾಡು,” ಎಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. ಅವಳಿಗೆ ಈ ಕಥೆ ಸಾಕುಸಾಕಾಗುವಷ್ಟು ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ.

ನಮ್ಮ ಕಾಕಾ, ಅಪ್ಪನ ತಮ್ಮ, ಸುರಪುರದಲ್ಲಿ ವಕೀಲ. ನಿಜಾಮನ ರಾಜ್ಯ ಹೋಗಿ, ಜಹಗೀರುಗಳು ಹೋಗಿ, ಕೋರ್ಟಿನ ಉರ್ದು ಮೆಲ್ಲಗೆ ಕನ್ನಡಕ್ಕೆ ತಿರುಗುತ್ತಿದ್ದ ವರ್ಷಗಳವು. ಒಬ್ಬ ಜಹಗೀರದಾರನ ದೇವಡಿಯ, ಅಂದರೆ ಅವನ ದೊಡ್ಡ ಮನೆಯ, ಸಾಮಾನು ಹರಾಜಿಗೆ ಬಂತು. ಉಳಿದವರು ಪಲ್ಲಂಗ, ಗೋಡೆ ಗಡಿಯಾರ ಹಿಡಿದರೆ ಕಾಕಾ ಕಾರು ಹಿಡಿದ. ಗಿಳಿಹಸಿರು ಬಣ್ಣ, ಎರಡೇ ಸೀಟು, ಮೇಲೆ ಬಟ್ಟೆಯ ಮಾಡು, ಮೊಣಕಾಲೆತ್ತರದ ಬಾಗಿಲು. ನಮ್ಮವ್ವ ಅದನ್ನು ಸುತ್ತಿ ನೋಡಿ, “ಇದರಾಗ ಜ್ವಾಳದ ಚೀಲ ಎಲ್ಲಿಡ್ತೀಯೋ?” ಎಂದು ಕೇಳಿದ್ದಳು. ಕಾಕಾನಿಗೆ ಮಕ್ಕಳಿರಲಿಲ್ಲ. ಎರಡನೆಯ ಸೀಟು ನನ್ನದಾಯಿತು.

ಶಹಾಪುರದ ಹುಸೇನ್ ಮಿಸ್ತ್ರಿ ಅದರ ವೈದ್ಯ. ಬಾಯಿ ಅಂದರೆ ಬಾಯಿ ಅವನದು. ಜಹಗೀರದಾರರು ಕಾರನ್ನು ಹೇಗೆಲ್ಲ ಹಾಳುಮಾಡಿದ್ದಾರೆಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಎಂಜಿನ್ ಬಿಸಿಯಾಗುವ ಮೊದಲೇ ಗುರ್ ಅನ್ನಿಸಿದ್ದು, ಧೂಳನ್ನು ಒಣ ಬಟ್ಟೆಯಿಂದ ತಿಕ್ಕಿ ಬಣ್ಣಕ್ಕೆ ಗೀರು ಎಬ್ಬಿಸಿದ್ದು, ಗೇರಿನ ಗುಂಡಿಯ ಮೇಲೆ ದಾರಿಯುದ್ದ ಕೈ ಊರಿದ್ದು. ಕಾಕಾ ಅದನ್ನೆಲ್ಲ ಮಂತ್ರದಂತೆ ಕಲಿತ. ಬೆಳಿಗ್ಗೆ ಎಂಜಿನ್ ಬಿಸಿಯಾಗಲೆಂದು ಅದರ ಪಕ್ಕ ನಿಂತು ಚಹಾ ಕುಡಿಯುತ್ತಿದ್ದ. ಅವ್ವ ಒಮ್ಮೆ ಸೆರಗಿನಿಂದ ಬಾನೆಟ್ಟು ಒರೆಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ನಾನು ಬಾಗಿಲು ಧಡ್ ಎಂದು ಹಾಕಿದರೆ ತನಗೇ ಪೆಟ್ಟಾದಂತೆ ಕಣ್ಣು ಮುಚ್ಚುತ್ತಿದ್ದ.

ಒಂದು ಚಟ ಮಾತ್ರ ಬಿಡಲಿಲ್ಲ. ಖಾಲಿ ದಾರಿಯಲ್ಲಿ ಅವನ ಓಟ ನೋಡಬೇಕಿತ್ತು, ನನ್ನ ಜಡೆ ನೆಟ್ಟಗೆ ಹಿಂದಕ್ಕೆ ಹಾರುತ್ತಿತ್ತು. ಆದರೆ ದೂರದಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬರು ಕಂಡರೆ ಸಾಕು, ಅರ್ಧ ಕ್ಲಚ್ಚು. ಅವರನ್ನು ದಾಟುವವರೆಗೆ ಧೂಳು ಏಳಕೂಡದು. ಗೋಗಿಯಲ್ಲಂತೂ ಕೇಳುವುದೇ ಬೇಡ. ಅಲ್ಲಿ ಅವನ ಅಕ್ಕ ನೀಲಮ್ಮತ್ತಿಯ ಮನೆ. ಕಳಿಸಲು ಬಂದ ಅತ್ತಿ ಕಾರಿನ ಬಾಗಿಲ ಮೇಲೆ ಕೈಯಿಟ್ಟು ಅಗಸಿಯ ತನಕ ನಡೆಯುವಳು. ಮೊದಲ ಗೇರಿನಲ್ಲೂ ಅದು ಅತ್ತಿಯ ನೋವಿನ ಮೊಣಕಾಲಿಗಿಂತ ಜೋರು. ಹಾಗಾಗಿ ದಾರಿಯುದ್ದ ಕ್ಲಚ್ಚು ಸುಡುತ್ತಿತ್ತು.

ಕಾರಣ ಹೇಳುತ್ತೇನೆ. ಇದೇ ಕಾರು ದೇವಡಿಯದಾಗಿದ್ದಾಗ, ಹಾರ್ನು ಕೇಳಿದವರು ಚಪ್ಪಲಿ ಬಿಟ್ಟು ದಾರಿಯ ಬದಿಯ ತಗ್ಗಿಗಿಳಿದು ಸಲಾಮು ಮಾಡಬೇಕಿತ್ತು. ಒಮ್ಮೆ ನನ್ನ ಅಜ್ಜ ಹಾಗೆ ಇಳಿದ. ಜೊತೆಗೆ ಅತ್ತಿ, ಕಾಕಾ, ಇಬ್ಬರೂ ಆಗಿನ್ನೂ ಚಿಕ್ಕವರು. ಬಿಚ್ಚಿಟ್ಟ ಬುತ್ತಿಯ ಮೇಲೆಲ್ಲ ಧೂಳು ಕೂತಿತು. ಅಜ್ಜ ರೊಟ್ಟಿ ಕೊಡವಿ ಮಕ್ಕಳಿಗೆ ಕೊಟ್ಟು ತಾನೂ ತಿಂದ. ಆ ಹರಳು ಇನ್ನೂ ಹಲ್ಲಿನಲ್ಲಿದೆ ಎನ್ನುತ್ತಿದ್ದಳು ಅತ್ತಿ.

ಒಂದು ಸಲ ಮಿಸ್ತ್ರಿ ಸುಟ್ಟ ಕ್ಲಚ್ಚಿನ ಪ್ಲೇಟನ್ನು ಕಾಕಾನ ಮುಂದೆ ಎಸೆದ.

“ಸಾಬ್, ಈ ಗಾಡಿ ಓಡಾಕ ಹುಟ್ಟೈತಿ, ಮೆರವಣಿಗಿಗೆ ಅಲ್ಲ. ಈಗ ಹಾಕಿದ್ದು ಕಡೀ ಪ್ಲೇಟು. ಹೈದರಾಬಾದಿನ ದುಕಾನ ಬಂದ್ ಆಗೈತಿ. ಇದೂ ಸುಟ್ರ ಗಾಡೀನ ಕೊಟ್ಟಿಗ್ಯಾಗ ಕಟ್ರಿ, ಮೇವು ಹಾಕ್ರಿ.”

“ಮತ್ತ ಜೋರಾಗಿ ಬಿಡು ಅಂತೀಯೇನು ಹುಸೇನ? ಅಕ್ಕನ ಮಾರಿಗೆ ಧೂಳ ಹೊಡೀಲೇನು?”

ಮಿಸ್ತ್ರಿಗೆ ಧೂಳಿನ ಕಥೆ ಗೊತ್ತಿತ್ತು. ದನಿ ಇಳಿಸಿದ. “ಮಾಫ್ ಮಾಡ್ರಿ. ಧೂಳೂ ಹೊಡೀಬ್ಯಾಡ್ರಿ, ಕ್ಲಚ್ಚೂ ಸುಡಬ್ಯಾಡ್ರಿ. ಹ್ಯಾಂಗ ಅಂತ ನನ್ನ ಕೇಳಬ್ಯಾಡ್ರಿ.”

ಮುಂದಿನ ಸಲ ಗೋಗಿಯಿಂದ ಹೊರಡುವಾಗ ನನಗೆ ಅದೇ ಚಿಂತೆ. ಕಾರು ಉಳಿಯಬೇಕು, ಅತ್ತಿಯ ಕೈ ಬಾಗಿಲ ಮೇಲೇ ಇರಬೇಕು. ಎರಡೂ ಆಗುವುದು ಹೇಗೆ? ಕಾಕಾ ಎಂಜಿನ್ ಚಾಲೂ ಮಾಡಲಿಲ್ಲ. ಕೋಟು ತೆಗೆದು ನನ್ನ ಮಡಿಲಿಗೆ ಹಾಕಿ ಕೆಳಗಿಳಿದ.

“ಕೆಟ್ಟತೇನೋ ತಮ್ಮಾ?” ಅತ್ತಿ ಗಾಬರಿಯಾದಳು.

“ಕೆಟ್ಟಿಲ್ಲಕ್ಕಾ. ನೀ ನಡಿ, ನಾನೂ ನಿನ್ನ ಕೂಡ ನಡೀತೀನಿ,” ಎಂದವನೇ ಕಾರಿನ ಹಿಂದಕ್ಕೆ ಹೆಗಲು ಕೊಟ್ಟ.

ಕಳಿಸಲು ಬಂದವರೆಲ್ಲ ಕೈಹಚ್ಚಿದರು. ಮಾತು ನಿಲ್ಲಲಿಲ್ಲ, ಜೋಳದ ಬೆಳೆಯಿಂದ ಹಿಡಿದು ಸೊಸೆಯಂದಿರ ತನಕ. ಸ್ಟೇರಿಂಗ್ ಹಿಡಿದವಳು ನಾನು. ನನ್ನ ಜನ್ಮದಲ್ಲಿ ಕಾರು ಓಡಿಸಿದ್ದೆಂದರೆ ಅಷ್ಟೇ, ಎಂಜಿನ್ ಇಲ್ಲದೆ, ಅಗಸಿಯ ತನಕ.

ಅಂದಿನಿಂದ ಅದೇ ಪದ್ಧತಿಯಾಯಿತು. ಒಮ್ಮೆ ಶಹಾಪುರದ ವಕೀಲರೊಬ್ಬರು ಟಾಂಗಾದಲ್ಲಿ ಹಾದುಹೋಗುತ್ತ, “ಏನ್ರಿ ವಕೀಲ್ ಸಾಹೇಬ್ರ, ದೇವಡಿ ಗಾಡಿ ಕೈಕೊಡ್ತೇನ್ರಿ?” ಎಂದು ನಕ್ಕರು. ಸೋಲೊಪ್ಪದ ಮನುಷ್ಯ ನಮ್ಮ ಕಾಕಾ. ಬೆವರು ಒರೆಸಿಕೊಂಡು, “ಹೌದ್ರಿ,” ಎಂದ. ನಿಜ ಹೇಳಿದರೆ ಅಜ್ಜನ ರೊಟ್ಟಿಯ ಮಾತನ್ನೂ ಹೇಳಬೇಕಾಗುತ್ತಿತ್ತು. ಅಂದು ನನಗೆ ಅಳು ಬಂದಿತ್ತು. ಈಗ ಆ “ಹೌದ್ರಿ” ನೆನೆದರೆ ಎದೆಯುಬ್ಬುತ್ತದೆ. ಆ ಕೊನೆಯ ಪ್ಲೇಟು ಕಾಕಾ ಕಾರು ಬಿಡುವುದನ್ನು ನಿಲ್ಲಿಸುವ ತನಕ ಬಾಳಿಕೆ ಬಂತು.

ಗೋಗಿಗೆ ಮರಳೋಣ. ಮೊಮ್ಮಗಳು ಎಂಜಿನ್ ಬಂದ್ ಮಾಡಿ ಇಳಿದಳು. ಒಂದು ಕೈ ಸ್ಟೇರಿಂಗಿಗೆ, ಹೆಗಲು ಬಾಗಿಲ ಕಂಬಕ್ಕೆ. ನೆಂಟರು ಮೊದಲು ಗಾಬರಿಯಾದರು, ಆಮೇಲೆ ಹಿಂದಿನಿಂದ ಕೈಹಚ್ಚಿದರು. ನೀಲಮ್ಮತ್ತಿಯ ಸೊಸೆ, ಈಗ ಅವಳೂ ಮುದುಕಿ, ನನ್ನ ಕಿಟಕಿಯ ಮೇಲೆ ಕೈಯಿಟ್ಟು ನಡೆದಳು. ಅಗಸಿಯ ಹತ್ತಿರ ಬೈಕಿನ ಮೇಲೆ ಇಬ್ಬರು ಹುಡುಗರು ಎದುರಾದರು.

“ಅಕ್ಕಾರ, ಇಂಥಾ ಚಂದ ಗಾಡಿ ಕೆಟ್ಟತೇನ್ರಿ?” ಒಬ್ಬನಿಗೆ ನಗು ತಡೆಯಲಾಗಲಿಲ್ಲ.

ಹುಡುಗಿ ತಲೆಯೆತ್ತಿದಳು. “ಕೆಟ್ಟಿಲ್ಲ. ನಮ್ಮನ್ನ ಕಳಿಸಾಕತ್ತಾರ.”

ಕಾಕಾ ಕೊಡದೆ ನುಂಗಿಕೊಂಡ ಉತ್ತರ. ಹುಡುಗರು ಕೆಳಗಿಳಿದರು. ಬೈಕು ಬದಿಗಿಟ್ಟು ಬಂದು ತಾವೂ ಕೈಹಚ್ಚಿದರು. ನಾನು ಆ ತಗ್ಗು ಸೀಟಿನಲ್ಲಿ ಆದಷ್ಟು ನೆಟ್ಟಗೆ ಕೂತೆ.