ಪಾಟೀಲರು ಆಡದ ಮಾತು

ಅಶರೀರವಾಣಿ, ಗಾಳಿಯಲ್ಲಿ ಕೇಳಿದ ದನಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕುಂದಾಪುರದ ಮನೆಯಲ್ಲಿ ಅಮ್ಮ ಇಂಥ ಸಂಗತಿ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಆಗ ನಾನು ದುಬೈನ ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಖಾಸಗಿ ದ್ವೀಪಗಳನ್ನು ಮಾರಿಸುವ ಬ್ರೋಕರ್. ನಮ್ಮಲ್ಲೊಂದು ಉಪಾಯವಿತ್ತು. ಕೊಳ್ಳಲು ಬಂದವರನ್ನು ದ್ವೀಪದಲ್ಲಿ ಇಳಿಸಿ, ಫೋನ್ ಇಸಿದುಕೊಂಡು, ಬೋಟನ್ನು ಕಣ್ಣಿಗೆ ಕಾಣದಷ್ಟು ದೂರ ಒಯ್ಯುತ್ತಿದ್ದೆವು. ಸ್ವಲ್ಪ ಹೊತ್ತು ಒಬ್ಬರೇ ಇದ್ದರೆ ಸಾಕು, ಜಾಗ ತಮ್ಮದೇ ಅನ್ನಿಸಿಬಿಡುತ್ತದೆ.

ಪಾಟೀಲರು ಬಾಗಲಕೋಟೆ ಕಡೆಯವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಸ್ವಂತ ಫ್ಯಾಕ್ಟರಿ. ಹೆಂಡತಿ ಶಾಂತಕ್ಕನಿಗೆ ಶ್ವಾಸಕೋಶದ ಕಾಯಿಲೆ, ಡಾಕ್ಟರು ಕೈಚೆಲ್ಲಿದ್ದರು. "ನನಗ ಚಲೋ ಗಾಳಿ ಸಿಗಲಿ ಅಂತ ದ್ವೀಪಾನ ತಗೊಳ್ಳಾಕತ್ತಾರ ನೋಡ್ರಿ" ಎಂದು ಆಕೆ ಬೋಟಿನಲ್ಲಿ ನನಗೆ ಹೇಳಿದರು. ಅವರ ಹೆಮ್ಮೆ ಕಂಡು ನನಗೂ ಸಂತೋಷವಾಗಿತ್ತು.

"ನನ್ನ ಬದ್ಲಿ ಆಕೀನ್ನ ಇಳಸ್ರಿ. ಇಲ್ಲಿ ಇರೂದು ಆಕೀನ" ಎಂದರು ಪಾಟೀಲರು. ಶಾಂತಕ್ಕನನ್ನು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ ಹೊರಟೆವು. ಮಟಮಟ ಮಧ್ಯಾಹ್ನ.

ದ್ವೀಪ ಮರೆಯಾದ ಮೇಲೆ ಪಾಟೀಲರು ಕಾಲು ಚಾಚಿದರು. "ಮನ್ಯಾಗ ಹಗಲೂ ರಾತ್ರಿ ಆಕಿ ಕೆಮ್ಮು ಕೇಳಿ ಸಾಕಾಗೈತ್ರಿ. ಒಬ್ಬ ನರ್ಸ್‌ನ ಜೋಡಿ ಇಲ್ಲಿ ಒಗದು ಬಿಡ್ತೇನಿ. ಖಲಾಸ್ ಆದಮ್ಯಾಲೆ ನೀವ ಇದನ್ನ ಮಾರಿಕೊಡ್ರಿ."

ನನಗೆ ಮೈಯೆಲ್ಲ ಉರಿಯಿತು. ಎಂಜಿನ್ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಅವರ ಮಾತು ಕಷ್ಟಪಟ್ಟು ಕೇಳಿತ್ತು. ಬೋಟ್ ನಡೆಸುವವನಿಗೆ ಕನ್ನಡ ಬಾರದು. ಶಾಂತಕ್ಕನ ಫೋನ್ ನನ್ನ ಜೇಬಿನಲ್ಲಿ ಆಫ್ ಆಗಿ ಬಿದ್ದಿತ್ತು.

ವಾಪಸು ಬಂದಾಗ ಶಾಂತಕ್ಕ ಗಂಡನನ್ನೇ ದಿಟ್ಟಿಸುತ್ತಿದ್ದರು. "ನನ್ನ ಕೆಮ್ಮು ಸಾಕಾಗಿದ್ರ ಮನ್ಯಾಗ ಹೇಳಬೇಕಿತ್ತು. ಇಲ್ಲಿ ತನಕ ಕರಕೊಂಡು ಬಂದು, ನನ್ನ ಬಾಜೂಕ ಕುಂತು ಹೇಳಬೇಕಿತ್ತೇನು?" ನರ್ಸ್, ಖಲಾಸ್, ಆಮೇಲೆ ಮಾರುವುದು, ಒಂದನ್ನೂ ಬಿಡದೆ ಒಪ್ಪಿಸಿದರು.

ಪಾಟೀಲರು ನನ್ನತ್ತ ಒಮ್ಮೆ ನೋಡಿದರು, ಅಷ್ಟೆ. "ಕೇಳಿಸ್ತಲ್ಲ, ಚಲೋ ಆತು. ಎರಡು ಸಲ ಹೇಳೂದು ತಪ್ಪಿತು."

"ನಾ ಹೋದಮ್ಯಾಲೆ ನಿಮಗೇನಾಗತೈತಿ, ಅದನ್ನೂ ನೀವ ಹೇಳಿದ್ರಿ" ಎಂದರು ಶಾಂತಕ್ಕ.

"ನಾ ಏನಂದೆ?"

ಶಾಂತಕ್ಕ ಬಾಯಿ ಬಿಡಲಿಲ್ಲ. ಪಾಟೀಲರು ದಾರಿಯುದ್ದಕ್ಕೂ ಗದರಿದರು, ಮರೀನಾ ಹತ್ತಿರವಾಗುವಾಗ ಗೋಗರೆಯುತ್ತಿದ್ದರು. ಆಕೆ ಕೆಮ್ಮುತ್ತಾ ನೀರು ನೋಡುತ್ತಾ ಕುಳಿತಿದ್ದರು.

ಪಾಟೀಲರು ದ್ವೀಪ ಕೊಳ್ಳಲಿಲ್ಲ. ಫ್ಯಾಕ್ಟರಿಯನ್ನು ಮ್ಯಾನೇಜರಿಗೆ ವಹಿಸಿ ಹೆಂಡತಿಯ ಹಾಸಿಗೆ ಪಕ್ಕದಲ್ಲೇ ಉಳಿದರು. ಸಿಕ್ಕರೆ ಇಂಥ ಗಂಡ ಸಿಗಬೇಕು ಎಂದು ಪರಿಚಯದವರೆಲ್ಲ ಕೊಂಡಾಡಿದರು. ಶಾಂತಕ್ಕ ಆ ಮಾತೇನೆಂದು ಹೇಳದೆಯೇ ತೀರಿಕೊಂಡರು.

ಆ ದ್ವೀಪಕ್ಕೆ ನಾನು ಆಮೇಲೆ ಒಬ್ಬನೇ ಹೋಗಿ ಕುಳಿತು ಬಂದಿದ್ದೇನೆ. ನನಗೆ ಏನೂ ಕೇಳಿಸಲಿಲ್ಲ. ಪಾಟೀಲರು ಆಡದ ಆ ಕೊನೆಯ ಮಾತನ್ನು ಆಕೆ ಹುಟ್ಟಿಸಿಕೊಂಡು ಹೇಳಿದರು ಎನ್ನೋಣವೆಂದರೆ, ಬೋಟಿನಲ್ಲಿ ನಿಜವಾಗಿ ಆಡಿದ್ದು ಅವರಿಗೆ ಹೇಗೆ ಕೇಳಿಸಿತು? ನನಗೆ ಇಂದಿಗೂ ತಿಳಿದಿಲ್ಲ.

ಪಾಟೀಲರು ಈಗಲೂ ಫೋನ್ ಮಾಡುತ್ತಾರೆ. "ಅವತ್ತ ಬೋಟಿನ್ಯಾಗ ನಾ ಮುಂದ ಏನರ ಅಂದಿದ್ನೇನ್ರಿ? ನೆನಪು ಮಾಡಿಕೊಂಡು ಹೇಳ್ರಿ."

ಅವರು ಮುಂದೆ ಏನೂ ಅಂದಿರಲಿಲ್ಲ. ಹಾಗೆಂದು ಹೇಳಿದರೆ ಅವರಿಗೆ ಒಂದು ರಾತ್ರಿಯಾದರೂ ನಿದ್ದೆ ಬಂದೀತು. "ನೆನಪಿಲ್ಲ ಸಾರ್" ಎಂದು ನಾನು ಫೋನ್ ಇಡುತ್ತೇನೆ.