ಪಕ್ಕದ ಸ್ಟೂಲಿನ ಅಮರೇಶಪ್ಪ
ಮೊಣಕಾಲು ನೋವು, ಕಣ್ಣಿನ ಪೊರೆ, ಉಬ್ಬಸ ಹೊತ್ತುಕೊಂಡು ಚಿತ್ತಾಪುರದ ಕಡೆಯಿಂದ ಬೇಗಂಪೇಟೆ ಸ್ಟೇಷನ್ನಿನಲ್ಲಿ ಇಳಿಯುವ ಹಳ್ಳಿಯ ಮುದುಕರಿಗೆಲ್ಲ ಆಂಧ್ರ ಸರ್ಕಾರದ ಪಿಂಚಣಿದಾರ ಅಮರೇಶಪ್ಪನವರೇ ಬಾಯಿ. ತೆಲುಗು ಬಾರದ ಆ ಜೀವಗಳು ಅಲ್ಲಿನ ಆಸ್ಪತ್ರೆಯ ಡಾಕ್ಟರರ ಮುಂದೆ “ಭಾಳ ತ್ರಾಸ ಐತ್ರಿ” ಎಂದಷ್ಟೇ ಹೇಳಿದರೆ, ಪಕ್ಕದ ಸ್ಟೂಲಿನಲ್ಲಿ ಕೂತ ಇವರು ಅದನ್ನು ತೆಲುಗಿನಲ್ಲಿ ಒಂದು ಪುರಾಣವನ್ನಾಗಿಯೇ ಮಾಡುತ್ತಾರೆ. ಮೊಣಕಾಲೆಂದರೆ ಎದ್ದು ಕುಂಟಿ ತೋರಿಸುತ್ತಾರೆ. ಉಬ್ಬಸವೆಂದರೆ ಡಾಕ್ಟರರೇ ಗಾಬರಿಬಿದ್ದು ಇವರಿಗೆ ನೀರು ಕೊಡಬೇಕು, ಹಾಗೆ ಏದುಸಿರು ಬಿಡುತ್ತಾರೆ. ಸಂಜೆ ಆ ಮುದುಕರನ್ನು ಗಾಡಿ ಹತ್ತಿಸಿ, “ಗುಳಿಗಿ ಮರೀಬ್ಯಾಡ್ರಿ ಯಪ್ಪಾ” ಎನ್ನುತ್ತ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದು, ಹೆಂಡತಿ ತೀರಿಕೊಂಡ ಮೇಲೆ ಕನ್ನಡವೇ ಕೇಳದ ತಮ್ಮ ಕೋಣೆಗೆ ಮರಳುತ್ತಾರೆ. ಮೊನ್ನೆ ಅವರು ಒಬ್ಬರೇ ಬಂದು, ರೂಢಿಯಂತೆ ಸ್ಟೂಲಿನಲ್ಲಿ ಕೂತು, ತೆಲುಗಿನಲ್ಲಿ ಶುರುಮಾಡಿದರು: ಮುದುಕರೊಬ್ಬರಿಗೆ ಎದೆ ಹಿಡಿದಂತಾಗುತ್ತದೆ, ಮನೆಯಲ್ಲಿ ನೋಡುವವರಿಲ್ಲ, ಸಂಕೋಚದ ಮನುಷ್ಯ, ತಾವಾಗಿ ಹೇಳಿಕೊಳ್ಳುವುದಿಲ್ಲ. ಡಾಕ್ಟರರು ಖಾಲಿ ಕುರ್ಚಿಯನ್ನು ನೋಡಿ, ಪೇಷಂಟ್ ಎಲ್ಲಿ ಎಂದು ಕೇಳಿದರು. ಅಮರೇಶಪ್ಪನವರು ಮೆಲ್ಲಗೆ ಎದ್ದು ಆ ಕುರ್ಚಿಗೆ ಬಂದು ಕೂತರು. ಇಷ್ಟು ವರ್ಷದ ತೆಲುಗಿನಲ್ಲಿ ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. ಖಾಲಿಯಾದ ಸ್ಟೂಲಿನ ಕಡೆ ಒಮ್ಮೆ ನೋಡಿ, “ಭಾಳ ತ್ರಾಸ ಐತ್ರಿ” ಎಂದರು.